ಸಂಬಳದ ಶನಿವಾರ

“ಮುಟ್ಟಬೇಡ! ಆ ಕೈಯಿಂದ ನನ್ನ ಮಗನ ಸಮಾಧಿ ಮುಟ್ಟಬೇಡ!”

ಅತ್ತೆ ಓಜೆಲಾ ಸೊಸೆಯ ಕೈಯಿಂದ ಮೇಣದಲ್ಲಿ ಅದ್ದಿದ ಕಾಗದದ ಹೂಗಳನ್ನು ಕಿತ್ತುಕೊಂಡಾಗ, ಗುಡ್ಡದ ಮೇಲಿನ ಸ್ಮಶಾನದಲ್ಲಿ ನೆರೆದಿದ್ದ ಬಂಧುಗಳೆಲ್ಲ ತಿರುಗಿ ನೋಡಿದರು. ಅದು ಮೇ ತಿಂಗಳ ಕೊನೆಯ ಭಾನುವಾರ. ಕೆಂಟಕಿಯ ಆ ಕಣಿವೆಯ ಜನ ತಮ್ಮವರ ಸಮಾಧಿಗಳನ್ನು ಸಿಂಗರಿಸಿ, ಅವುಗಳ ನಡುವೆಯೇ ಬಟ್ಟೆ ಹಾಸಿ ಉಣ್ಣುವ ದಿನ. ಸೊಸೆ ಆರ್ಡಿತ್ ತಲೆ ತಗ್ಗಿಸಿದಳು. ಗಂಡ ಡೆನ್ವರ್ ಕಲ್ಲಿದ್ದಲ ಗಣಿಯಲ್ಲಿ ಅಸುನೀಗಿ ಮೂರು ವರ್ಷವಾಗಿತ್ತು. ಮಗಳು ಟ್ರೆಸಿಯನ್ನು ಅತ್ತೆಯ ಮಡಿಲಿಗೆ ಹಾಕಿ, ಗಿಟಾರನ್ನು ಹೆಗಲಿಗೇರಿಸಿ ಊರೂರು ಅಲೆದವಳು ಆಕೆ. ತಾನೇ ಕಟ್ಟಿ ಹಾಡಿದ ‘ಸಂಬಳದ ಶನಿವಾರ’ ಈಗ ರೇಡಿಯೋಗಳಲ್ಲೆಲ್ಲ ಮೊಳಗುತ್ತಿತ್ತು. ವಾರಕ್ಕೊಮ್ಮೆ, ಸಂಬಳ ಕೈಗೆ ಬಂದ ದಿನ, ಕುಡಿದು ಬಂದು ಹೆಂಡತಿಯನ್ನು ಬಡಿಯುವ ಗಂಡನ ಹಾಡದು. ಹಾಡುವ ಮುನ್ನ, ‘ಇದರ ಒಂದೊಂದು ಅಕ್ಷರವೂ ನನ್ನ ಬಾಳಲ್ಲಿ ನಡೆದದ್ದು’ ಎಂದು ಪ್ರಮಾಣ ಮಾಡುವುದು ಆಕೆಯ ವಾಡಿಕೆ. ಆ ಮಾತನ್ನು ನಂಬಿಯೇ ಜನ ಕಣ್ಣೀರಿಡುತ್ತಿದ್ದರು. ಆ ಹಾಡಿಗಾಗಿಯೇ, ಬರುವ ಶನಿವಾರಕ್ಕೆ, ರೇಡಿಯೋದಲ್ಲಿ ನಾಡಿಗೆಲ್ಲ ಕೇಳುವ ನ್ಯಾಶ್‌ವಿಲ್ಲಿನ ಸಂಗೀತದ ಮಹಾವೇದಿಕೆಯಿಂದ ಕರೆ ಬಂದಿತ್ತು. ಹದಿನಾರರ ವಯಸ್ಸಿನಿಂದ ಕಂಡ ಕನಸು!

“ಸತ್ತೋನು ಎದ್ದು ಬಂದು ಉತ್ತರ ಕೊಡ್ತಾನೇನೇ?” ಓಜೆಲಾ ಮೊಮ್ಮಗಳತ್ತ ಕೈ ತೋರಿದಳು. “ಶಾಲೇಲಿ ಮಕ್ಕಳು ಈ ಕೂಸನ್ನ ಕುಡುಕನ ಮಗಳು ಅಂತ ಅಣಕಿಸ್ತಾವೆ. ನಿನಗೆ ಚಪ್ಪಾಳೆ... ಅವಳಿಗೆ ಚಾಟಿ!”

“ಜಗಳ ಆಮೇಲೆ ಆಡ್ರೇ, ಹುರಿದ ಕೋಳಿ ಆರೋಗ್ತಿದೆ,” ಎಂದಳು ಚಿಕ್ಕತ್ತೆ ಮರ್ಟಿ.

ಅಷ್ಟರಲ್ಲಿ ಒಂಬತ್ತು ವರ್ಷದ ಟ್ರೆಸಿ ಎದುರಿಗೆ ಬಂದು ನಿಂತಳು.

“ಅಮ್ಮಾ, ನಿಜ ಹೇಳು. ಅಪ್ಪ ನಿನ್ನ ಹೊಡೀತಿದ್ನಾ? ನಂಗೆ ಅವನು ಹೆಗಲ ಮೇಲೆ ಕೂರಿಸ್ಕೊಂಡು ಹಳ್ಳ ದಾಟಿಸಿದ್ದೇ ನೆನಪು...”

ಆರ್ಡಿತ್ ಮಗಳ ಮುಖವನ್ನೇ ನೋಡಿದಳು. ಸತ್ಯವೊಂದೇ ಆಕೆ ಗಳಿಸಿದ್ದ ಆಸ್ತಿ. ಅದನ್ನು ನುಡಿದರೆ ಹಾಡು ಉಳಿಯುತ್ತದೆ. ಈ ಕಣ್ಣುಗಳಲ್ಲಿರುವ ತಂದೆ ಇನ್ನೊಮ್ಮೆ ಸಾಯುತ್ತಾನೆ. ಭಗವಂತಾ, ಇದೆಂಥ ತಕ್ಕಡಿ!

“ಇಲ್ಲ ಕಂದಾ. ನಿಮ್ಮಪ್ಪ ನನ್ನ ಮೇಲೆ ಕೈ ಎತ್ತಿದೋನೇ ಅಲ್ಲ. ಹಾಡು ಓಡ್ಲಿ ಅಂತ ನಾನೇ ಕಟ್ಟಿದ ಸುಳ್ಳು ಅದು.”

“ಥೂ! ಸತ್ತ ಗಂಡನ್ನ ಮಾರ್ಕೊಂಡಳಲ್ಲ!” ಎಂದಿತು ಗುಂಪಿನಲ್ಲೊಂದು ದನಿ.

“ನಂಗೊತ್ತಿತ್ತು!” ಎಂದು ಚೀರಿದ ಟ್ರೆಸಿ, ತಾಯಿಯ ಕೈಯನ್ನು ಕೊಡವಿ, ತಂದೆಯ ಸಮಾಧಿಯ ಕಲ್ಲನ್ನು ತಬ್ಬಿಕೊಂಡಳು.

ಓಜೆಲಾಳ ಮುಖ ಬಿಳುಚಿತು. ಆಕೆ ಸೊಸೆಯನ್ನು ಓಕ್ ಮರದ ಮರೆಗೆ ಎಳೆದೊಯ್ದಳು.

“ಯಾಕೆ ಹಂಗಂದೆ? ಅವನು ಮುರಿದ ನಿನ್ನ ಕೈಗೆ ಪಟ್ಟಿ ಕಟ್ಟಿದೋಳು ನಾನೇ ಅಲ್ವೇನೇ...”

“ವಾರದಲ್ಲಿ ಆರು ದಿನ ಅವನು ಒಳ್ಳೆಯೋನೇ ಅತ್ತೆ. ಆ ಆರು ದಿನ ಅವಳಿಗಿರಲಿ.”

“ಮತ್ತೆ... ಶನಿವಾರ?”

“ನಿಜ ಅಂತ ಹೇಳ್ದೆ ಆ ಹಾಡು ನನ್ನ ಬಾಯಿಗೆ ಬರಲ್ಲ. ಹೇಳಿದ್ರೆ, ಅವಳು ರೇಡಿಯೋದಲ್ಲಿ ಕೇಳ್ತಾಳೆ.”

ಮುದುಕಿ ತಾನು ಕಿತ್ತುಕೊಂಡಿದ್ದ ಹೂಗಳನ್ನು ಸೊಸೆಯ ಕೈಗೆ ಮರಳಿಸಿದಳು. ಆಮೇಲೆ, ಸೊಸೆ ಮನೆಗೆ ಬಂದ ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ, “ಬಾ ಮಗಳೇ, ಊಟ ಮಾಡು,” ಎಂದಳು.

ಶನಿವಾರ ಸಂಜೆ, ನಿರೂಪಕ ‘ಸಂಬಳದ ಶನಿವಾರ’ ಎಂದು ಘೋಷಿಸಿದಾಗ ಆರ್ಡಿತ್ ಬೇಡವೆಂದು ಮೆಲ್ಲನೆ ತಲೆಯಲ್ಲಾಡಿಸಿ, ಯಾರೂ ಕೇಳಿರದ ಬೇರೊಂದು ಹಾಡನ್ನು ಎತ್ತಿಕೊಂಡಳು. ಸಭೆ ಮರ್ಯಾದೆಗೆಂದು ಚಪ್ಪಾಳೆ ತಟ್ಟಿತು. ಆ ವೇದಿಕೆ ಆಕೆಯನ್ನು ಮತ್ತೆಂದೂ ಕರೆಯಲಿಲ್ಲ.