ಪಕ್ಕದ ಪಣ

ಅತ್ತೆಯನ್ನು ಮನೆಗೆ ಕರೆದೊಯ್ಯಲು ಬಂದ ಶ್ರೀಲತಾ ಕಮ್ಯುನಿಟಿ ಹಾಲಿನ ಬಾಗಿಲಲ್ಲೇ ನಿಂತುಬಿಟ್ಟಳು.

ಭಜನೆಗೆಂದು ಬಿಟ್ಟುಹೋಗಿದ್ದ ರಾಜಲಕ್ಷ್ಮಮ್ಮನವರು ಹಸಿರು ಬಟ್ಟೆ ಹಾಸಿದ ಮೇಜಿನ ಮುಂದೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತಿದ್ದರು. ಅವರ ಮುಂದೆ ಬಣ್ಣಬಣ್ಣದ ಚಿಪ್‌ಗಳ ಗೋಪುರ. ಎದುರಿಗೆ ನೀಲಿ ಷರಟಿನ ತೋಳು ಮಡಿಚಿಕೊಂಡ ಒಬ್ಬ ಇಸ್ಪೀಟಿನ ಎಲೆ ಹಂಚುತ್ತಿದ್ದ.

"ಇನ್ನೊಂದು ಹಾಕಪ್ಪ."

"ಈಗಾಗ್ಲೇ ಹದಿನಾರಿದೆ ಆಂಟಿ. ಇಪ್ಪತ್ತೊಂದು ದಾಟಿದ್ರೆ ಹೋಯ್ತು. ಯೋಚನೆ ಮಾಡಿ."

"ಯೋಚನೆ ಮಾಡೋ ವಯಸ್ಸಾ ನಂದು? ಹಾಕು."

ಐದು ಬಿತ್ತು. ರಾಜಲಕ್ಷ್ಮಮ್ಮ ಮೇಜು ತಟ್ಟಿದರು.

ಶ್ರೀಲತಾ ನೆಟ್ಟಗೆ ಹೋಗಿ ನಿಂತಳು. "ಏನ್ರೀ ಇದು? ವಯಸ್ಸಾದವರನ್ನ ಕೂರಿಸ್ಕೊಂಡು ಜೂಜು ಆಡಿಸ್ತಿದೀರಾ?"

ಆತ ಎದ್ದು ನಿಂತ. ಎತ್ತರದ ಆಳು, ಕಿವಿಯ ಪಕ್ಕದಲ್ಲಿ ಒಂದಿಷ್ಟು ನರೆ. "ಚಿಪ್ಸ್ ಬರೀ ಪ್ಲಾಸ್ಟಿಕ್ ಮೇಡಂ, ಕಾಸಿಲ್ಲ. ಕನ್ನಡ ಕೂಟದ ಫಂಡ್‌ರೈಸರ್‌ಗೆ ಬ್ಲ್ಯಾಕ್‌ಜಾಕ್ ಟೇಬಲ್ ಹಾಕ್ತಿದೀವಿ, ಅದಕ್ಕೆ ಪ್ರಾಕ್ಟೀಸ್. ಕಂಪ್ಲೇಂಟ್ ಕೊಡೋದಿದ್ರೆ ನಾನು ಕೊಡ್ಬೇಕು. ನಿಮ್ಮ ಅಮ್ಮ ನನ್ನನ್ನ ದಿವಾಳಿ ಎಬ್ಬಿಸಿದಾರೆ."

"ಅಮ್ಮ ಅಲ್ಲ, ಅತ್ತೆ," ಎಂದಳು ಶ್ರೀಲತಾ. ಕೋಪ ಎಲ್ಲಿ ಇಡಬೇಕೆಂದು ತಿಳಿಯದೆ ಕಾರಿನ ಕೀಲಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು.

"ಇವರು ಸಿದ್ಧಲಿಂಗೇಶ್," ಎಂದರು ಅತ್ತೆ. "ಷಾರ್ಲಟ್ ಊರಿಂದ ಈಗ ನಮ್ಮ ಡುಲುತ್‌ಗೇ ಬಂದಿದಾರೆ. ಆಫೀಸಲ್ಲಿ ಸಿಡ್ ಅಂತಾರಂತೆ. ಎಷ್ಟು ಚೆನ್ನಾಗಿರೋ ಹೆಸರನ್ನ ಹೇಗೆ ಕತ್ತರಿಸಿದಾರೆ ನೋಡು."

ಶ್ರೀಲತಾಳಿಗೆ ನಗು ಬಂತು. ಅವಳು ತುಟಿ ಕಚ್ಚಿ ತಡೆದದ್ದನ್ನು ಆತ ನೋಡಿದ. ನೋಡಿದ್ದು ಅವಳಿಗೂ ಗೊತ್ತಾಯಿತು.

ಅವಿನಾಶ್ ಕೋವಿಡ್‌ನಲ್ಲಿ ತೀರಿಹೋದ ಮೇಲೆ ಆ ಮನೆಯಲ್ಲಿ ಉಳಿದವರು ಅವರಿಬ್ಬರೇ, ಅವನ ಹೆಂಡತಿ ಮತ್ತು ಅವನ ತಾಯಿ. ಜನ ಅನುಕಂಪದ ಮಾತು ಹೇಳಿದರು, ಡಬ್ಬಿಗಳಲ್ಲಿ ಊಟ ತಂದುಕೊಟ್ಟರು, ನಿಧಾನವಾಗಿ ತಮ್ಮ ತಮ್ಮ ಬದುಕಿಗೆ ಮರಳಿದರು. ಅತ್ತೆ ಸೊಸೆ ಮಾತ್ರ ದಿನಾ ಬೆಳಿಗ್ಗೆ ಒಂದೇ ಮೇಜಿನ ಎರಡು ಬದಿಯಲ್ಲಿ ಕೂತು ಕಾಫಿ ಕುಡಿಯುತ್ತ, ಹೇಳಬೇಕಾದದ್ದನ್ನು ಹೇಳದೆಯೇ ಅರ್ಥ ಮಾಡಿಕೊಳ್ಳುವುದನ್ನು ಕಲಿತರು. ನಗು ಆ ಮನೆಗೆ ಅಪರೂಪದ ನೆಂಟ. ಅಂಥದ್ದರಲ್ಲಿ ಅತ್ತೆ ಹೀಗೆ ಮೇಜು ತಟ್ಟಿ ಕೂತದ್ದನ್ನು ಕಂಡು, ಮುಂದಿನ ಶನಿವಾರ ಶ್ರೀಲತಾ ಅವರನ್ನು ತಾನಾಗಿಯೇ ಕರೆತಂದಳು. ತಾನೂ ಕೂತಳು.

"ದೊಡ್ಡ ವೃತ್ತ ಇದ್ಯಲ್ಲ, ಇದು ಮೇನ್ ಬೆಟ್," ಎಂದು ಸಿದ್ಧಲಿಂಗೇಶ್ ಬೆರಳಿಟ್ಟು ತೋರಿಸಿದ. "ಇಪ್ಪತ್ತೊಂದರ ಹತ್ರ ಯಾರು ಹೋಗ್ತಾರೆ, ನೀವಾ ನಾನಾ, ಅಷ್ಟೇ. ಪಕ್ಕದಲ್ಲಿರೋ ಸಣ್ಣ ವೃತ್ತಗಳು ಸೈಡ್ ಬೆಟ್. ನಿಮ್ಮ ಮೊದಲ ಎರಡು ಎಲೆ ಜೋಡಿ ಬಂದ್ರೆ ಇದರಲ್ಲಿ ಗೆದ್ರಿ. ನಿಮ್ಮದರಲ್ಲಿ ಒಂದು ಎಲೆ, ಡೀಲರ್ ತೆರೆದಿಟ್ಟ ಎಲೆ ಜೊತೆ ಮ್ಯಾಚ್ ಆದ್ರೆ ಅದರಲ್ಲಿ. ಇಷ್ಟ ಇದ್ರೆ ಹಾಕ್ಬಹುದು, ಕಂಪಲ್ಸರಿ ಅಲ್ಲ."

"ಇಷ್ಟ ಇಲ್ಲ."

"ಆಟ ಶುರುವಾಗೋ ಮುಂಚೇನೇ ಗೊತ್ತಾಯ್ತಾ?"

"ಗೊತ್ತಾಯ್ತು."

ರಾಜಲಕ್ಷ್ಮಮ್ಮ ಎರಡೂ ಸಣ್ಣ ವೃತ್ತಗಳಲ್ಲಿ ಧಾರಾಳವಾಗಿ ಚಿಪ್ ಇಟ್ಟರು. "ನನಗೆ ಕೊಡಪ್ಪ. ಇವಳು ಹೀಗೇ, ಕಾರಲ್ಲಿ ಪೆಟ್ರೋಲ್ ಅರ್ಧಕ್ಕಿಳಿದ್ರೆ ಬಂಕ್ ಹುಡುಕ್ತಾಳೆ."

ಸಿದ್ಧಲಿಂಗೇಶ್ ಎಲೆ ಕಲೆಸುತ್ತಲೇ ಅವಳತ್ತ ನೋಡಿದ. ಗೇಲಿ ಇರಲಿಲ್ಲ ಆ ನೋಟದಲ್ಲಿ. ಅರ್ಧಕ್ಕಿಳಿದರೆ ಹೆದರುವವರಿಗೆ ಹೆದರಲು ಕಾರಣವಿರುತ್ತದೆ ಎಂದು ಬಲ್ಲವನ ನೋಟ ಅದು. ಶ್ರೀಲತಾ ತನ್ನ ಎಲೆಗಳತ್ತ ಕಣ್ಣು ತಗ್ಗಿಸಿದಳು. ಎಷ್ಟು ಹೊತ್ತಾದರೂ ಅಲ್ಲಿ ಎಷ್ಟಿದೆ ಎಂದು ಕೂಡಿಸಲಾಗಲಿಲ್ಲ.

"ಹದಿಮೂರು," ಎಂದು ಅವನೇ ಮೆಲ್ಲಗೆ ಹೇಳಿಕೊಟ್ಟ.

ಶನಿವಾರಗಳು ಹೀಗೆ ಬಂದುಹೋದವು. ಅವಳು ಎಲೆ ಹಂಚುವುದನ್ನೂ ಕಲಿತಳು, ಫಂಡ್‌ರೈಸರ್ ದಿನ ಒಂದು ಟೇಬಲ್ ನೋಡಿಕೊಳ್ಳಲು ಒಪ್ಪಿದಳು. ಎಲೆ ಜಾರಿಸುವಾಗ ಮಣಿಕಟ್ಟು ಹೇಗಿರಬೇಕೆಂದು ಆತ ತನ್ನ ಕೈಯನ್ನೇ ತಿರುಗಿಸಿ ತೋರಿಸುತ್ತಿದ್ದ. ಅವಳ ಕೈ ಮುಟ್ಟಿ ತೋರಿಸಿದ್ದರೆ ಬೇಗ ಬರುತ್ತಿತ್ತೇನೋ. ಮುಟ್ಟುತ್ತಿರಲಿಲ್ಲ. ಮುಟ್ಟದಿರುವುದನ್ನು ತಾನು ಗಮನಿಸುತ್ತಿದ್ದೇನೆ ಎಂದು ತಿಳಿದ ದಿನ ಶ್ರೀಲತಾ ಮನೆಗೆ ಬಂದು ಬಹಳ ಹೊತ್ತು ಪಾತ್ರೆ ತೊಳೆದಳು.

ಷಾರ್ಲಟ್‌ನಲ್ಲಿ ತನಗೊಂದು ಮದುವೆಯಾಗಿತ್ತೆಂದೂ, ಜಗಳವೂ ಇಲ್ಲದೆ ಅದು ಆರಿಹೋಯಿತೆಂದೂ ಆತ ಒಮ್ಮೆ ಹೇಳಿದ. "ಜಗಳ ಆಡಿದ್ರೆ ಉಳೀತಿತ್ತೇನೋ. ಇಬ್ರೂ ತುಂಬ ಸಭ್ಯರಾಗಿದ್ವಿ."

"ನನ್ನ ಹತ್ರ ಮೊದಲ ದಿನಾನೇ ಬೈಸ್ಕೊಂಡ್ರಲ್ಲ."

"ಅದೇ ಇಷ್ಟ ಆಗಿದ್ದು."

ಅವಳು ಕೆಳಗೆ ಬಿದ್ದಿರದ ಚಿಪ್ ಒಂದನ್ನು ಹುಡುಕಲು ಬಗ್ಗಿದಳು.

ಆ ವಾರವೇ ಅಡುಗೆಮನೆಯಲ್ಲಿ ಅತ್ತೆ ಫೋನಿನಲ್ಲಿ ಮಾತಾಡುತ್ತಿದ್ದದ್ದು ಅವಳ ಕಿವಿಗೆ ಬಿತ್ತು. ಆ ಕಡೆ ಇದ್ದವಳು ಬೇರೆ ರಾಜ್ಯದ ಆಲ್ಡಿ ಎಂಬ ಊರಿನಲ್ಲಿರುವ ಅವರ ಮಗಳು ಶೈಲಜಾ.

"ನಿಮ್ಮ ಮನೇಲಿ ಕೆಳಗಿನ ರೂಮ್ ಖಾಲಿ ಇದ್ಯಲ್ಲೇ? ಅಲ್ಲಿಗೆ ಬಂದ್ಬಿಡ್ತೀನಿ. ಅವಳಿಗೆ ಇನ್ನೂ ವಯಸ್ಸಿದೆ. ಆ ಹುಡುಗ ಒಳ್ಳೆಯವನು. ನಾನಿದ್ರೆ ಕಾಲಿಗೆ ಕಲ್ಲು ಕಟ್ಟಿದ ಹಾಗೆ."

ಶ್ರೀಲತಾ ಬಂದ ದಾರಿಯಲ್ಲೇ ಹಿಂದಿರುಗಿ, ಕೋಣೆಯಲ್ಲಿ ಮಂಚದ ತುದಿಗೆ ಕೂತಳು. ಬೆಳಗಿನ ಕಾಫಿಯ ಮೇಜು, ಅದರ ಆ ಬದಿಯ ಖಾಲಿ ಕುರ್ಚಿ ಕಣ್ಣಿಗೆ ಕಟ್ಟಿದವು. ಒಬ್ಬನನ್ನು ಕಳೆದುಕೊಂಡದ್ದು ಸಾಲದೆಂದು ಇವರನ್ನೂ ಕಳಿಸಿಕೊಡಬೇಕೇ? ಅದೂ ತನ್ನ ಸುಖಕ್ಕಾಗಿ? ಕೆಲಸ ಜಾಸ್ತಿಯಿದೆ, ಇನ್ನು ಶನಿವಾರ ಬರಲಾಗದು ಎಂದು ಸಿದ್ಧಲಿಂಗೇಶನಿಗೆ ಮೆಸೇಜ್ ಹಾಕಿದಳು.

ಆತ ಯಾಕೆಂದು ಕೇಳಲಿಲ್ಲ. "ಸರಿ. ಆಂಟಿ ಮಂಡಿನೋವು ಹೇಗಿದೆ?" ಎಂದು ಬರೆದ.

ಆ ಒಂದು ಸಾಲನ್ನು ಓದಿ ಅವಳು ಅತ್ತಳು.

ಫಂಡ್‌ರೈಸರ್ ಮಾತ್ರ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಮಧ್ಯಾಹ್ನ ಹಾಲ್ ತುಂಬ ಜನ, ಒಂದು ಮೂಲೆಯಲ್ಲಿ ಬಿಸಿಬೇಳೆಬಾತಿನ ಘಮ. ಶ್ರೀಲತಾ ಡೀಲರ್ ಜಾಗದಲ್ಲಿ ನಿಂತು ಎಲೆ ಹಂಚುತ್ತಿದ್ದಳು. ಅಂಕಲ್ ಒಬ್ಬರು ಎದ್ದುಹೋದ ಕುರ್ಚಿಗೆ ಸಿದ್ಧಲಿಂಗೇಶ್ ಬಂದು ಕೂತ. ಅಂದು ಅವನು ಆಟಗಾರ.

"ಆಡ್ಬಹುದಾ ಮೇಡಂ?"

"ಎಲ್ಲರನ್ನೂ ಆಡಿಸೋಕೇ ನಿಂತಿದೀನಿ."

ಆತ ದೊಡ್ಡ ವೃತ್ತದಲ್ಲೊಂದು ಚಿಪ್ ಇಟ್ಟ. ಡೀಲರ್ ಜೊತೆ ಮ್ಯಾಚ್ ಆಗುವ ಸಣ್ಣ ವೃತ್ತದಲ್ಲಿ ಅದಕ್ಕಿಂತ ಹೆಚ್ಚು ಇಟ್ಟ. ಅವಳು ಎಲೆ ತೆರೆದಳು. ತನ್ನದು ರಾಣಿ, ಅವನದು ಏಳು, ಒಂಬತ್ತು. ಮತ್ತೆ ಇಟ್ಟ. ಮತ್ತೆ ಹೋಯಿತು. ಅವನ ಚಿಪ್‌ಗಳನ್ನು ತನ್ನತ್ತ ಎಳೆದುಕೊಳ್ಳುವಾಗಲೆಲ್ಲ ಶ್ರೀಲತಾಳಿಗೆ ಸಂಕಟವಾಗುತ್ತಿತ್ತು. ಆತನಿಗೇನೋ ಪರಮಾನಂದ ಎಂಬಂತಿತ್ತು.

"ಸೈಡ್ ಬೆಟ್‌ನಲ್ಲಿ ಸೋಲೋದೇ ಜಾಸ್ತಿ ಅಂತ ನೀವೇ ಹೇಳ್ಕೊಟ್ಟಿದ್ದು," ಎಂದು ಅವಳು ಪಿಸುಗುಟ್ಟಿದಳು.

"ನಿಜ. ಆದ್ರೆ ಈ ಡೀಲರ್ ಎದುರಿಗೆ ಕೂತಾಗ ಬೇರೆ ಕಡೆ ಇಡೋಕೆ ಮನಸ್ಸೇ ಬರ್ತಿಲ್ಲ."

ಪಕ್ಕದ ಆಂಟಿ ಕತ್ತೆತ್ತಿ ಇಬ್ಬರನ್ನೂ ನೋಡಿದರು. ಶ್ರೀಲತಾಳ ಕಿವಿಯ ತುದಿ ಬಿಸಿಯಾಯಿತು. ಕೊನೆಯ ಚಿಪ್ ಕೂಡ ಹೋಯಿತು. ಆತ ಖಾಲಿ ಕೈ ತೋರಿಸಿ, ನಕ್ಕು, ಹೊರಗೆ ಹೋದ.

ಅವಳು ಎಲೆಗಳನ್ನು ಇನ್ನೊಬ್ಬರ ಕೈಗಿಟ್ಟು ಹಿಂದೆಯೇ ನಡೆದಳು.

ಪಾರ್ಕಿಂಗ್ ಲಾಟಿನ ಅಂಚಿನಲ್ಲಿ ಕ್ರೇಪ್ ಮರ್ಟಲ್ ಗಿಡಗಳು ಗುಲಾಬಿ ಬಣ್ಣದ ಹೂ ಉದುರಿಸಿದ್ದವು. ಆತ ಕಾರಿಗೊರಗಿ ನಿಂತಿದ್ದ, ಬರುತ್ತಾಳೆಂದು ಗೊತ್ತಿದ್ದವನಂತಲ್ಲ, ಬಂದಾಳೇನೋ ಎಂದು ಕಾಯುತ್ತಿದ್ದವನಂತೆ.

"ಒಂದೂ ಮ್ಯಾಚ್ ಆಗ್ಲಿಲ್ಲ," ಎಂದಳು.

"ಆಗ್ಲಿಲ್ಲ. ಆದ್ರೂ ಹೇಳೋದು ಹೇಳ್ಬಿಡ್ತೀನಿ. ನಂಗೆ ನೀವಂದ್ರೆ ಇಷ್ಟ, ಶ್ರೀಲತಾ. ನೀವು ಬರದ ಶನಿವಾರಗಳಲ್ಲಿ ನಾನು ಎಲೆ ಕಲೆಸ್ಕೊಂಡು ಬಾಗಿಲು ನೋಡ್ತಾ ಕೂತಿದ್ದೆ. ಉತ್ತರ ಇವತ್ತೇ ಬೇಡ."

ಅವಳು ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಡಿಸಿದಳು. "ನಾನು ಒಬ್ಬಳಲ್ಲ. ನನ್ನ ಜೊತೆ ಅವರಿದಾರೆ. ಅವರನ್ನ ಬಿಟ್ಟು ಎಲ್ಲಿಗೂ ಬರೋಕಾಗಲ್ಲ."

"ಗೊತ್ತು. ನಂಗೆ ಮೊದಲು ಪರಿಚಯ ಆಗಿದ್ದೇ ಅವರು. ನೀವು ಬಂದಿದ್ದು ಆಮೇಲೆ."

ಅಷ್ಟು ಸರಳವಾಗಿ ಅದನ್ನು ಯಾರಾದರೂ ಹೇಳಬಹುದೆಂದು ಅವಳು ಎಣಿಸಿರಲಿಲ್ಲ.

ಬಾಗಿಲು ತೆರೆದು ರಾಜಲಕ್ಷ್ಮಮ್ಮ ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿಯುತ್ತಿದ್ದರು. ಶ್ರೀಲತಾ ಓಡಿ ತೋಳು ಹಿಡಿದಳು. ಸಿದ್ಧಲಿಂಗೇಶ್ ದೂರದಲ್ಲೇ ನಿಂತು ಗಿಡಗಳನ್ನು ನೋಡತೊಡಗಿದ.

"ಆಲ್ಡಿಗೆ ಹೋಗ್ತೀರಂತೆ," ಎಂದಳು ಶ್ರೀಲತಾ.

ಅತ್ತೆ ತಡವರಿಸಿದರು. "ಕೇಳಿಸ್ಕೊಂಡ್ಯಾ?"

"ನೀವು ಭಾರ ಅಂತ ನಾನು ಯಾವತ್ತಾದ್ರೂ ಅಂದಿದೀನಾ? ಅವಿನಾಶ್ ಹೋದಮೇಲೆ ನಾನು ಬೆಳಿಗ್ಗೆ ಹಾಸಿಗೆಯಿಂದ ಎದ್ದಿದ್ದೇ ನಿಮ್ಮ ಕಾಫಿಗೋಸ್ಕರ."

"ನಾನೂ ನಿನಗೆ ಕಾಫಿ ಮಾಡ್ಬೇಕಲ್ಲ ಅಂತಾನೇ ಎದ್ದಿದ್ದು." ರಾಜಲಕ್ಷ್ಮಮ್ಮ ಸೊಸೆಯ ಕೈ ಹಿಡಿದುಕೊಂಡರು. "ಮಗ ಹೇಳದೆ ಹೋದ. ನೀನೂ ಒಂದಿನ ಹೋಗ್ತೀಯ, ಹೋಗ್ಲೇಬೇಕು. ಅದನ್ನ ನೋಡ್ತಾ ನಿಂತ್ಕೊಳ್ಳೋ ಶಕ್ತಿ ಇಲ್ಲ ಅಂತ, ನಾನೇ ಮೊದಲು ಹೊರಟೆ ಕಣೆ."

ಶ್ರೀಲತಾ ಅವರ ಹೆಗಲಿಗೆ ಹಣೆಯಿಟ್ಟಳು. ಮಧ್ಯಾಹ್ನದ ಬಿಸಿಲಲ್ಲಿ, ಹೋಗಿಬರುವ ಜನರ ನಡುವೆ, ಇಬ್ಬರೂ ಹಾಗೇ ನಿಂತರು.

"ಯಾರೂ ಎಲ್ಲಿಗೂ ಹೋಗಲ್ಲ," ಎಂದಳು. "ಬರೋರು ಬರ್ತಾರೆ."

ರಾಜಲಕ್ಷ್ಮಮ್ಮ ಸೆರಗಿನಿಂದ ಮೊದಲು ಸೊಸೆಯ ಕಣ್ಣು, ಆಮೇಲೆ ತಮ್ಮ ಕಣ್ಣು ಒರೆಸಿದರು. "ಹಾಗಾದ್ರೆ ಆ ಮನುಷ್ಯನಿಗೆ ಹೋಗಿ ಹೇಳು. ಪಾಪ, ಎಷ್ಟು ಹೊತ್ತು ಅಂತ ಗಿಡ ನೋಡ್ತಾನೆ?"

ಶ್ರೀಲತಾ ಉದುರಿದ ಹೂಗಳ ಮೇಲೆ ನಡೆದು ಅವನೆದುರು ನಿಂತಳು.

"ನಾಳೆ ಮಧ್ಯಾಹ್ನ ನಮ್ಮನೆಗೆ ಊಟಕ್ಕೆ ಬಾ," ಎಂದಳು.

'ಬನ್ನಿ' ಎನ್ನಲಿಲ್ಲ. ಆತ ಅದನ್ನು ಗಮನಿಸಿದ. ಮುಖದ ಮೇಲೆ ನಗು ಮೂಡಲು ಸ್ವಲ್ಪ ಸಮಯ ಹಿಡಿಯಿತು, ಮೂಡಿದ ಮೇಲೆ ಅಡಗಿಸಲು ಆಗಲಿಲ್ಲ.

"ಬರ್ತೀನಿ," ಎಂದ. ಮೊದಲ ಬಾರಿಗೆ ಕೈ ಚಾಚಿ, ಅವಳ ಕೂದಲಲ್ಲಿ ಸಿಕ್ಕಿಕೊಂಡಿದ್ದ ಗುಲಾಬಿ ಬಣ್ಣದ ಎಸಳನ್ನು ಮೆಲ್ಲಗೆ ಬಿಡಿಸಿದ. "ನೀನು ಕರೆದ್ರೆ ಬರ್ತೀನಿ."