ಪ್ಲಾಸ್ಟರಿನೊಳಗಿನ ಇಟ್ಟಿಗೆ

ಪ್ಲಾಸ್ಟರಿನ ಕೊನೆಯ ಪದರ ಬಿಚ್ಚಿತು. ಒಳಗಿದ್ದದ್ದು ಡೈನೋಸಾರಿನ ದವಡೆಯಲ್ಲ. ತೋಟದ ಹಾದಿಗೆ ಹಾಸುವ ಎರಡು ಇಟ್ಟಿಗೆ.

ಲಂಡನ್ನಿನ ಆ ಮ್ಯೂಸಿಯಂ ಲ್ಯಾಬಿನಲ್ಲಿ ನೆರೆದವರೆಲ್ಲ ದಂಗುಬಡಿದು ನಿಂತರು. ಗೋಬಿ ಮರುಭೂಮಿಯಲ್ಲಿ ಒಂದು ಬೇಸಿಗೆಯಿಡೀ ಬೆಂದು ಆ ದವಡೆಯನ್ನು ಅಗೆದು, ದಾರಿಯಲ್ಲಿ ಒಡೆಯದಂತೆ ಪ್ಲಾಸ್ಟರ್ ಸುತ್ತಿ ತಂದ ಸಿರಿಶಾಳ ಮುಖ ಬಿಳಿಚಿಕೊಂಡಿತು. ಮಗಳ ಸಾಧನೆ ನೋಡಲು ಬಂದಿದ್ದ ಉದಯಶಂಕರ್ ಗೋಡೆಗೆ ಒರಗಿಕೊಂಡರು. ಆ ದೇಶದಿಂದ ಎರವಲು ತಂದ ಪಳೆಯುಳಿಕೆ ಅದು. ಕದ್ದು ಮಾರಿದವಳು ನೀನೇ ಎಂದು ನಿರ್ದೇಶಕರು ಮುಲಾಜಿಲ್ಲದೆ ಅಂದುಬಿಟ್ಟರು. ಕೆಲಸ ಹೋಯಿತು, ಇನ್ನು ಜೈಲೊಂದೇ ಬಾಕಿ.

ಪೊಲೀಸ್ ಕಡೆಯಿಂದ ಬಂದವಳು ಡಿಟೆಕ್ಟಿವ್ ಕಾಮಾಕ್ಷಿ.

*

"ದವಡೆ ಇದ್ದ ಪೆಟ್ಟಿಗೆ ಯಾರ ಕೈಲಿತ್ತು?" ಕಾಮಾಕ್ಷಿ ಕೇಳಿದಳು.

"ಶನಿವಾರ ಹೀಥ್ರೋ ಏರ್‌ಪೋರ್ಟಿಂದ ಮಯೂರ್ ವ್ಯಾನಲ್ಲಿ ತಂದ," ಎಂದಳು ಸಿರಿಶಾ. "ಲ್ಯಾಬ್ ಕ್ಲೋಸ್ ಆಗಿತ್ತು. ಸ್ಟ್ಯಾನ್ಮೋರಲ್ಲಿ ನಮ್ಮನೆ ಗ್ಯಾರೇಜಲ್ಲೇ ಇಟ್ವಿ."

ಮಯೂರ್ ಅವಳ ಸಹೋದ್ಯೋಗಿ. ಮುಂದಿನ ಅಗೆತದ ತಂಡಕ್ಕೆ ಯಾರು ಮುಂದಾಳು ಎಂದು ಇಬ್ಬರಿಗೂ ಪೈಪೋಟಿ. ಕಾಮಾಕ್ಷಿಯ ಕಣ್ಣು ಅವನ ಮೇಲೆಯೇ ನೆಟ್ಟಿತು.

"ನಾನಲ್ಲ ಮೇಡಂ. ಪೆಟ್ಟಿಗೆ ಇಳಿಸಿ ಸೀದಾ ತಂಗಿ ಮನೆಗೆ ಎಡಿನ್‌ಬರಾಗೆ ಹೋದೆ. ಟ್ರೈನ್ ಟಿಕೆಟ್ ಫೋನಲ್ಲೇ ಇದೆ, ನೋಡಿ." ಅವನು ಪ್ಲಾಸ್ಟರಿನ ಚೂರೊಂದನ್ನು ಎತ್ತಿ ಹುಬ್ಬು ಗಂಟಿಕ್ಕಿದ. "ಮೇಲೆ ಗೋಣಿ ಸುತ್ತಿರೋದು ನಮ್ ಥರಾನೇ. ಆದ್ರೆ ನಾವು ಒಳಗೆ ಒದ್ದೆ ಟಿಶ್ಯೂ ಪೇಪರ್ ಇಡ್ತೀವಿ. ಇದ್ರಲ್ಲಿ ಹತ್ತಿ ಇದೆ."

ಕಾಮಾಕ್ಷಿ ಬಗ್ಗಿ ನೋಡಿದಳು. ಹತ್ತಿಯ ಪಟ್ಟಿಯ ಒಂದೊಂದು ಸುತ್ತೂ ಹಿಂದಿನದರ ಅರ್ಧ ಮುಚ್ಚುವಂತೆ ಅಚ್ಚುಕಟ್ಟಾಗಿ ಬಂದಿತ್ತು. ಚಳಿಗಾಲದಲ್ಲಿ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡಾಗ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕುವ ಮೊದಲು ಅವಳ ಕೈಗೂ ಹೀಗೆಯೇ ಸುತ್ತಿದ್ದರು.

"ಸಿರಿಶಾ, ನಿಮ್ಮ ತಂದೆ ಏನು ಕೆಲಸದಲ್ಲಿದ್ರು?"

"ಮೂಳೆ ಡಾಕ್ಟರ್. ಈಗ ರಿಟೈರ್ ಆಗಿ ನನ್ ಜೊತೆಗೇ ಇದ್ದಾರೆ. ಯಾಕೆ?"

*

ಸ್ಟ್ಯಾನ್ಮೋರಿನ ಗ್ಯಾರೇಜಿನ ಕಪಾಟಿನಲ್ಲಿ ಆಸ್ಪತ್ರೆಯವರು ಪ್ಲಾಸ್ಟರ್ ಬಿಚ್ಚುವ ಗರಗಸವಿತ್ತು. ಹಲ್ಲುಗಳಲ್ಲಿ ಬಿಳಿ ಪುಡಿ, ಜೊತೆಗೆ ಮರುಭೂಮಿಯ ಕೆಂಪು ಪುಡಿ. ಅದರ ಹಿಂದೆ ಟವೆಲಿನಲ್ಲಿ ಸುತ್ತಿಟ್ಟ ದವಡೆ. ಎರಡು ಹೋಳಾಗಿತ್ತು.

"ಇಟ್ಟಿಗೆಗೆ ನೋವಾಗಲ್ಲ ಡಾಕ್ಟ್ರೇ," ಎಂದಳು ಕಾಮಾಕ್ಷಿ. "ಆದ್ರೂ ನಿಮ್ಮ ಕೈ ಮೊದಲು ಹತ್ತಿ ಸುತ್ತಿತು. ಅಭ್ಯಾಸ ಬಿಡಲಿಲ್ಲ."

ಉದಯಶಂಕರ್ ಸ್ಟೂಲಿನ ಮೇಲೆ ಕುಸಿದರು. "ಮಗಳು ಹುಡುಕಿದ್ದನ್ನ ಎಲ್ಲರಿಗಿಂತ ಮೊದ್ಲು ನಾನೇ ನೋಡ್ಬೇಕು ಅನ್ನಿಸ್ತು. ನೋಡಿ ಮತ್ತೆ ಮುಚ್ಚಿಡೋಣ ಅಂತಿದ್ದೆ. ಈ ಗರಗಸ ಬರೀ ಅದುರುತ್ತೆ, ಮೆತ್ತಗಿರೋ ಚರ್ಮಾನ ಕುಯ್ಯಲ್ಲ. ಇಷ್ಟು ವರ್ಷದಲ್ಲಿ ಒಂದು ಮಗೂಗೂ ಗೀರು ಬಿದ್ದಿಲ್ಲ. ಆ ನಂಬಿಕೇಲೇ ಒತ್ತಿದೆ. ಒಳಗಿರೋದು ಕಲ್ಲು, ಅದನ್ನ ಕುಯ್ಯುತ್ತೆ ಅಂತ ತಲೆಗೇ ಬರ್ಲಿಲ್ಲ ಕಣಮ್ಮ. ಹೋಳಾಗಿದ್ದು ನೋಡಿ ಹೆದರಿ, ಇದನ್ನ ಬಚ್ಚಿಟ್ಟು ಇಟ್ಟಿಗೆಗೆ ಪ್ಲಾಸ್ಟರ್ ಸುತ್ತಿದೆ."

ಸಿರಿಶಾ ಎರಡೂ ಹೋಳುಗಳನ್ನು ಎತ್ತಿ ಜೋಡಿಸಿ ನೋಡಿದಳು.

"ಇದನ್ನ ಅಂಟಿಸಬಹುದು ಅಪ್ಪ," ಎಂದಳು. "ಆದ್ರೆ ಡೈರೆಕ್ಟರ್ ನನ್ನ ಕಳ್ಳಿ ಅಂದಾಗ ನೀವು ಅಲ್ಲೇ ನಿಂತಿದ್ರಿ."

ಕಾಮಾಕ್ಷಿ ನಿರ್ದೇಶಕರಿಗೆ ಫೋನ್ ಮಾಡಿ, ಅದನ್ನು ಉದಯಶಂಕರರ ಕೈಗೆ ಕೊಟ್ಟಳು.