ಸತ್ತ ಹಲ್ಲಿಗೆ ಏಳು ಸುತ್ತು ಟೇಪು

"ಸಮಾಧಿಗೆ ಸೀಲ್ ಹಾಕಿಸಿ! ಕಾವಲು ಇಡಿ!"

ಗುಡುಗು ಕೂಗಿದ ರಭಸಕ್ಕೆ ರೋಮನ್ ಅಧಿಪತಿಯ ಪಾತ್ರದ ಹುಡುಗ ಕುರ್ಚಿಯಿಂದ ಜಾರಿಯೇಬಿಟ್ಟ. ಚರ್ಚಿನ ಹಾಲ್ ತುಂಬ ನಗು. ಅವಳಿಗೆ 'ಗುಡುಗು' ಎಂಬ ಅಡ್ಡಹೆಸರು ಬಂದದ್ದು ಆ ಗಂಟಲಿನಿಂದಾಗಿಯೇ. ಈಸ್ಟರ್ ನಾಟಕದಲ್ಲಿ ಮಹಾಯಾಜಕನ ಪಾತ್ರ ಸಿಕ್ಕಿದ್ದೂ ಅದರಿಂದಲೇ.

ಟೀಚರ್ ಹಣೆ ಚಚ್ಚಿಕೊಂಡರು. "ಜಗಳ ಆಡ್ತಿದೀಯಾ? ಯೇಸುಸ್ವಾಮಿ 'ಸತ್ತ ಮೂರನೇ ದಿನ ಎದ್ದು ಬರ್ತೀನಿ' ಅಂದಿದ್ರು. ಅದು ನೆನಪಾಗಿ ಮಹಾಯಾಜಕನಿಗೆ ಹೆದರಿಕೆ. ಎಲ್ಲಿ ಆ ಹೆದರಿಕೆ?"

"ಅವನ್ಯಾಕೆ ಹೆದರ್ಬೇಕು ಟೀಚರ್? ಸಮಾಧಿ ಮುಚ್ಚಿ ಆಯ್ತಲ್ಲ. ಮಹಾಯಾಜಕ ಅಂದ್ರೆ ದೊಡ್ಡ ಮನುಷ್ಯ ಬೇರೆ."

"ಮನೆಗೆ ಹೋಗಿ ಯೋಚ್ನೆ ಮಾಡು. ನಾಟಕ ಐದಕ್ಕೆ. ನಾಲ್ಕಕ್ಕೆ ಬಂದು ಸರಿಯಾಗಿ ಹೇಳಿದ್ರೆ ಪಾರ್ಟ್ ನಿಂದು. ಇಲ್ದಿದ್ರೆ ಉದ್ದಜಡೆ ಮಾಡ್ತಾಳೆ."

ಪಕ್ಕದಲ್ಲೇ ನಿಂತಿದ್ದ ಉದ್ದಜಡೆಯ ಹುಡುಗಿಗೆ ಆಗಲೇ ಡೈಲಾಗ್ ಪೂರ್ತಿ ಬಾಯಿಪಾಠ. ಗುಡುಗಿಗೆ ಹೊಟ್ಟೆ ಉರಿಯಿತು.

ಮನೆಯಲ್ಲಿ ಅಜ್ಜಿ ಮಹಾಯಾಜಕನ ನಿಲುವಂಗಿಗೆ ಜರಿ ಹೊಲಿಯುತ್ತಿದ್ದರು. ನೇರವಾಗಿ ಹೊಲಿಯುವುದಕ್ಕೆ ಕಣ್ಣು ಕಾಣಬೇಕಲ್ಲ? ಎರಡು ಸಲ ಸೂಜಿ ಬೆರಳಿಗೇ ಚುಚ್ಚಿತು.

"ನನ್ನ ಕನ್ನಡಕ ಎಲ್ಹೋಯ್ತೋ. ಯಾರಾದ್ರೂ ನೋಡಿದ್ರಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಗುಡುಗು ತನ್ನ ಡ್ರಾಯರ್ ಕಡೆಗೆ ನೋಡಿದಳು. ಮೊನ್ನೆ ಆ ಕನ್ನಡಕ ಹಾಕಿಕೊಂಡು ಕನ್ನಡಿ ಮುಂದೆ ಮಹಾಯಾಜಕನಂತೆ ಕುಣಿದಿದ್ದಳು. ಅದು ಜಾರಿ ಬಿದ್ದು ಒಂದು ಕಡ್ಡಿ ಮುರಿಯಿತು. ಡ್ರಾಯರಿನೊಳಗೆ ಅಡಗಿಸಿ, ಸುತ್ತ ಟೇಪ್ ಅಂಟಿಸಿ, ಮೇಲೊಂದು ಚೀಟಿ ಬರೆದಿದ್ದಳು: 'ಒಳಗೆ ಸತ್ತ ಹಲ್ಲಿ ಇದೆ. ತೆಗೆಯಬೇಡಿ.'

ಆದರೂ ಸಮಾಧಾನವಿಲ್ಲ. ಹೋಗಿ ಏಳನೇ ಸುತ್ತು ಟೇಪ್ ಹಾಕತೊಡಗಿದಳು. ಹಿಂದೆಯೇ ತಮ್ಮ ಬಂದು ನಿಂತ.

"ಅಕ್ಕಾ, ಹಲ್ಲಿ ಸತ್ತಿದೆ ತಾನೇ?"

"ಹೂಂ."

"ಮತ್ತೆ ಯಾಕಿಷ್ಟು ಟೇಪು? ಎದ್ದು ಬರತ್ತಾ?"

ಗುಡುಗು ಚೀಟಿಯನ್ನು ಅಂಗೈಯಿಂದ ಮುಚ್ಚಿದಳು. "ಏನಿಲ್ಲ ಕಣೋ ಮರಿ. ಸುಮ್ನೆ. ಹೋಗು, ಆಟ ಆಡ್ಕೋ."

ತಮ್ಮ ಕಣ್ಣರಳಿಸಿದ. "ಯಾಕೆ ಇಷ್ಟು ಮೆತ್ತಗೆ ಮಾತಾಡ್ತಿದೀಯ? ನಂಗೆ ಭಯ ಆಗತ್ತೆ."

ಗುಡುಗಿನ ಕೈ ಟೇಪಿನ ಮೇಲೆಯೇ ನಿಂತುಹೋಯಿತು. ಒಂದೇ ಕ್ಷಣ. ಆಮೇಲೆ ಚಪ್ಪಲಿಯನ್ನೂ ಮೆಟ್ಟದೆ ಹಾಲ್‌ಗೆ ಓಡಿದಳು.

ನಾಲ್ಕಕ್ಕೆ ಪಾರ್ಟ್ ಅವಳದೇ ಆಯಿತು.

ಐದಕ್ಕೆ ಪರದೆ ಸರಿಯಿತು. ಅಜ್ಜಿ ಹೊಲಿದ ನಿಲುವಂಗಿ ತೊಟ್ಟ ಮಹಾಯಾಜಕ ಬೆಕ್ಕಿನ ಹೆಜ್ಜೆಯಲ್ಲಿ ಅಧಿಪತಿಯ ಹತ್ತಿರ ಬಂದು, ಹಿಂದೆ ಮುಂದೆ ನೋಡಿ, ಮೆತ್ತಗೆ ಹೇಳಿದ:

"ಪ್ರಭು, ಒಂದು ಸಣ್ಣ ಮಾತು. ಅವನು ಮೂರನೇ ದಿನ ಎದ್ದು ಬರ್ತೀನಿ ಅಂದಿದ್ದ. ಶಿಷ್ಯರು ಶವ ಕದ್ದುಕೊಂಡು ಹೋಗಿ, ಎದ್ದ ಅಂತ ಸಾರಿಬಿಟ್ಟರೆ? ಸಮಾಧಿಗೊಂದು ಸೀಲ್ ಹಾಕಿಸಿಬಿಡಿ. ಏನಿಲ್ಲ... ಸುಮ್ಮನೆ."

ಕೊನೆಯ ಮಾತು ನಾಟಕದಲ್ಲಿ ಇರಲಿಲ್ಲ. ಅದನ್ನು ಹೇಳಿ ಮಹಾಯಾಜಕ ಇನ್ನೊಮ್ಮೆ ಹಿಂದೆ ತಿರುಗಿ ನೋಡಿದ. ಆಮೇಲೆ ಬಿದ್ದ ಚಪ್ಪಾಳೆಗೆ ಗುಡುಗಿನ ಮೈಯೆಲ್ಲ ಜುಂ ಎಂದಿತು.

ಆಗ ಮುಂದಿನ ಸಾಲು ಕಂಡಿತು. ಅಜ್ಜಿ ಕಣ್ಣು ಕಿರಿದು ಮಾಡಿ, ಕತ್ತು ಚಾಚಿ, ತಮ್ಮನನ್ನು ಕೇಳುತ್ತಿದ್ದರು. "ಅವಳೇ ಏನೋ ಅದು?"

ನಾಟಕ ಮುಗಿದದ್ದೇ ತಡ, ಗುಡುಗು ನಿಲುವಂಗಿ ಎತ್ತಿ ಹಿಡಿದು ಮನೆಗೆ ಓಡಿದಳು. ಏಳು ಸುತ್ತು ಟೇಪು. ಸುತ್ತಿದ್ದಕ್ಕಿಂತ ಕೀಳುವುದೇ ಕಷ್ಟವಾಯಿತು. ಅಜ್ಜಿ ಹೊಸ್ತಿಲು ದಾಟುವಷ್ಟರಲ್ಲಿ ಕನ್ನಡಕ ಹಿಡಿದು ಎದುರಿಗೆ ನಿಂತಿದ್ದಳು.

"ಅಜ್ಜೀ, ಇದನ್ನ ಮುರಿದಿದ್ದು ನಾನೇ."

ಆ ಮಾತು ಪಕ್ಕದ ಮನೆಗೂ ಕೇಳಿಸಿತು. ಗಂಟಲು ಮೊದಲಿನಂತೆಯೇ ಇತ್ತು.